ಅನುಮಾನ ಬಂದರೆ ಮರುಳಪ್ಪ

ಮಿಮಿಕ್ರಿ ಮಾಡುವವನು ನಿಜ ಹೇಳಿದರೂ ಕೇಳಿದವರು, "ಇದು ಯಾರ ದನಿ?" ಎನ್ನುತ್ತಾರೆ! ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಇದು ನನ್ನದೇ ದನಿ, ನಡೆದ ಕತೆ. ನಂಬದವರು ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದು, ರೈಲ್ವೆ ಕಾಲೊನಿಯ ಹಿಂಬೀದಿಯಲ್ಲಿ ಸಿಗ್ನಲ್ ಜಯದೇವಪ್ಪನವರ ಮನೆ ಯಾವುದೆಂದು ವಿಚಾರಿಸಿ. ಯಾರು ಬೇಕಾದರೂ ಕೈಮಾಡಿ ತೋರಿಸುತ್ತಾರೆ. ಜೊತೆಗೆ ಮಾತ್ರ ಬರುವುದಿಲ್ಲ.

"ಕೂತ್ಕೊಳ್ಳಿ ಅಕ್ಕಾ, ಕೂತ್ಕೊಳ್ಳಿ! ಇವತ್ತಿಂದ ನಿಮಗೆ ಬೆಂಗಳೂರು ರೈಲಿನ ಸಹವಾಸ ಇಲ್ಲ!"

ಭಾನುವಾರ ಬೆಳಗ್ಗೆ ನಮ್ಮ ನಡುಮನೆಯಲ್ಲಿ ನಿಂತು ಹೀಗೆ ಘೋಷಿಸಿದವರು ಜಯದೇವಪ್ಪ. ನಮ್ಮ ಪಕ್ಕದ ಮನೆಯವರು. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಜೀವ ತೇದು ನಿವೃತ್ತರಾದವರು. ಮದುವೆಯಾಗಿಲ್ಲ; ಯಾಕೆಂದು ಕೇಳಿದರೆ, "ಲೈನ್ ಕ್ಲಿಯರ್ ಸಿಗಲಿಲ್ಲ" ಎನ್ನುತ್ತಾರೆ. ಮಳೆ ಬಂದರೆ ತಾನಾಗಿ ಒಳಗೆ ಸರಿಯುವ ಬಟ್ಟೆಹಗ್ಗವನ್ನು ಕಂಡುಹಿಡಿದದ್ದು ಇವರೇ. ಅದು ಒಳಗೆ ಸರಿಯುವ ಬದಲು ಹೊರಗೆ ಸರಿದು, ನಮ್ಮ ಅತ್ತೆಯ ಸೀರೆಗಳನ್ನೆಲ್ಲ ಗೂಡ್ಸ್ ಗಾಡಿಗೆ ಹತ್ತಿಸಿ ತಿಪಟೂರಿಗೆ ಕಳಿಸಿತ್ತು!

ಅತ್ತೆ ಎಂದರೆ ನನ್ನ ಸೋದರತ್ತೆ ಸರ್ವಮಂಗಳಮ್ಮ. ನಾನು ಊರಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ, ಅತ್ತೆಯ ಮನೆಯಲ್ಲಿ ಉಪನ್ಯಾಸವಿಲ್ಲದ ಅತಿಥಿ. ಅತ್ತೆಯ ಗಂಡ, ನನ್ನ ಮಾವ ಮರುಳಪ್ಪ, ಟಿ.ಟಿ.ಇ. ಆಗಿದ್ದರು. ಕರಿ ಕೋಟು, ಮೂರು ಸಲ ಕೆಮ್ಮು, ಆಮೇಲೆ "ಟಿಕೆಟ್ ತೆಗೀರಿ!" ಆ ದನಿಗೆ ಟಿಕೆಟ್ ಇದ್ದವರೂ ನಡುಗುತ್ತಿದ್ದರು. ಜಯದೇವಪ್ಪ ಒಬ್ಬರೇ ನಡುಗದೆ "ಸ್ಟಾಫ್" ಎಂದು ಹೇಳಿ ಕಣ್ಣು ಮುಚ್ಚುತ್ತಿದ್ದರು. ರೈಲ್ವೆಯವರು ಪರಸ್ಪರ ಹಾಗೆ ಹೇಳಿಕೊಂಡರೆ ಟಿಕೆಟ್ಟಿನ ಮಾತು ಮುಗಿಯಿತು. ಮಾವ ತೀರಿಕೊಂಡ ಮರುವರ್ಷ ಅತ್ತೆಗೆ ದೊಡ್ಡ ಜ್ವರ ಬಂತು. ಜ್ವರ ಇಳಿಯಿತು, ಜೊತೆಗೆ ಎರಡು ಕಿವಿಗಳನ್ನೂ ಇಳಿಸಿಕೊಂಡು ಹೋಯಿತು.

ಆಮೇಲೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಆಯಿತು. ಕಿವಿಯ ಒಳಗೆ ಶಂಖದಂಥ ಜಾಗದಲ್ಲಿ ಕೂದಲೆಳೆಯ ತಂತಿ. ಹೊರಗೆ ಕಿವಿಯ ಹಿಂದೆ ಒಂದು ಪುಟ್ಟ ಯಂತ್ರ. ಅದರಿಂದ ಹೊರಟ ಬಿಲ್ಲೆ ಆಯಸ್ಕಾಂತದಿಂದ ತಲೆಗೆ ಕಚ್ಚಿಕೊಳ್ಳುತ್ತದೆ. ಆಪರೇಷನ್ ಆದ ತಕ್ಷಣ ಕಿವಿ ಬಂತು ಎಂದುಕೊಳ್ಳಬೇಡಿ. ಬಂದದ್ದು ಶಬ್ದ. ಅದನ್ನು ಮಾತು ಮಾಡಲು ಮತ್ತೆ ಮತ್ತೆ ಬೆಂಗಳೂರಿಗೆ ಹೋಗಿ ಶ್ರುತಿ ಮಾಡಿಸಬೇಕು. ಬೆಳಗಿನ ರೈಲು, ಟೋಕನ್ನು, ಕಾರಿಡಾರಿನ ಬೆಂಚು, ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ಕರೆ. ಅಲ್ಲಿ ಒಬ್ಬ ಹುಡುಗಿ ಕಂಪ್ಯೂಟರಿನಲ್ಲಿ ಬೀಪ್ ಅನ್ನಿಸಿ, "ಕೇಳಿಸ್ತಾ? ಜೋರಾಯ್ತಾ? ಹಿತವಾಗಿದ್ಯಾ?" ಎಂದು ಕೇಳುತ್ತಾಳೆ. ಅಷ್ಟೇ. ವಾಪಸು ಬರುವಷ್ಟರಲ್ಲಿ ಊರೆಲ್ಲ ಮತ್ತೆ ತಗಡಿನ ಡಬ್ಬದಲ್ಲಿ ಕೂತ ಬಾತುಕೋಳಿಯಂತೆ ಮಾತಾಡುತ್ತದೆ.

ಹಿಂದಿನ ಸಲ ಹೋಗಿಬಂದ ಸಂಜೆ ಅತ್ತೆ ಸ್ಪಷ್ಟವಾಗಿ ಹೇಳಿದ್ದರು. "ಇನ್ನು ನನ್ನ ಕೈಲಾಗಲ್ಲ ಕಣೋ ಪಂಚು. ಇದನ್ನ ತೆಗೆದು ಟ್ರಂಕಿನಲ್ಲಿ ಇಟ್ಬಿಡ್ತೀನಿ, ನಿಮ್ಮಾವನ ಕನ್ನಡಕದ ಪಕ್ಕ. ತುಟಿ ನೋಡಿದ್ರೆ ಮಾತು ಗೊತ್ತಾಗುತ್ತೆ, ಸಾಕು."

ಟ್ರಂಕು ಎಂದರೆ ಕೊನೆ. ಆ ಟ್ರಂಕಿಗೆ ಹೋದ ವಸ್ತು ಯಾವುದೂ ಹೊರಗೆ ಬಂದಿಲ್ಲ. ಅದಕ್ಕೇ ಜಯದೇವಪ್ಪ ಪಣ ತೊಟ್ಟದ್ದು, ಅದಕ್ಕೇ ನಾನು ಅವರ ಜೊತೆ ಸೇರಿದ್ದು.

ಟೇಬಲ್ಲಿನ ಮೇಲಿದ್ದ ಯಂತ್ರದ ಹೆಸರು 'ಕಿವಿಮಾತು'. ಹಳೆಯ ಸಿಗ್ನಲ್ಲಿನ ಡಬ್ಬ, ಅದಕ್ಕೆ ಕೆಂಪು, ಹಳದಿ, ಹಸಿರು ದೀಪ, ಮುಂದೆ ಒಂದು ಸ್ಪೀಕರು, ಮೇಲೆ ಒಂದು ಕೋಲು ಏರಿಯಲ್.

"ಬೆಂಗಳೂರಿನವರು ಕಿವಿನ ಕೇಳ್ತಾರೆ ಅಕ್ಕ. ನಾನು ನೆನಪನ್ನ ಕೇಳ್ತೀನಿ! ಕಿವಿ ಮರೆತಿರುತ್ತೆ, ತಲೆ ಮರೆತಿರಲ್ಲ. ನಿಮಗೆ ಬಾಯಿಪಾಠ ಇರೋ ಒಂದು ದನಿ ಹಾಕ್ತೀನಿ. ಅದು ಹೇಗಿತ್ತೋ ಹಾಗೇ ಕೇಳಿಸೋವರೆಗೂ ಯಂತ್ರ ತಿದ್ದುತ್ತೆ. ನೀವು 'ಹೌದು, ಇದೇ' ಅನ್ನಬೇಕು, ಅಷ್ಟೇ. ಆಮೇಲೆ ಮಿಕ್ಕಿದ್ದೆಲ್ಲಾನೂ ಅದೇ ಅಳತೇಲಿ ಸರಿಮಾಡ್ಕೊಂಡು ಹೋಗುತ್ತೆ. ದಿನಾ, ಮನೇಲೇ!"

"ಏನಾದ್ರೂ ಕೆಟ್ಟರೆ?" ಅತ್ತೆ ಸೀರೆಗಳನ್ನು ಮರೆತಿರಲಿಲ್ಲ.

"ಕೆಡೋ ಮಾತೇ ಇಲ್ಲ. ರೈಲ್ವೆ ಪದ್ಧತಿ! ಸಿಗ್ನಲ್ಲಿಗೆ ಅನುಮಾನ ಬಂದ್ರೆ ಏನ್ಮಾಡುತ್ತೆ? ಕೆಂಪು ತೋರಿಸುತ್ತೆ. ಯಾಕೆ? ಕ್ಷೇಮ. ಹಾಗೇ ಇದಕ್ಕೂ. ಯಾವುದಾದ್ರೂ ಶಬ್ದ ಗೊತ್ತಾಗದೆ ಅನುಮಾನ ಬಂದ್ರೆ, ಗೊತ್ತಿರೋ ದನಿಗೆ ವಾಪಸ್ ಬರುತ್ತೆ. ಅನುಮಾನ ಬಂದ್ರೆ ಮರುಳಪ್ಪ!"

ಅತ್ತೆಯ ಮುಖ ಬದಲಾಯಿತು. "ಯಾರು?"

"ಮರುಳಪ್ಪನವರ ದನಿ ಅಕ್ಕ. ಒಂದು ಹಳೇ ಕ್ಯಾಸೆಟ್ಟಿನಲ್ಲಿ ಸಿಕ್ತು."

ಸಿಕ್ಕಿರಲಿಲ್ಲ. ಮಾವನ ದನಿಯಿದ್ದ ಒಂದೇ ಒಂದು ಮದುವೆ ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರ್ ಎಂದೋ ಶಾವಿಗೆ ಮಾಡಿ ತಿಂದಿತ್ತು. ಆ ದನಿ ನನ್ನದು! ಕಾಲೇಜ್ ಡೇಯಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿ ಅರ್ಧ ಕಾಲೇಜನ್ನು ಮನೆಗೆ ಕಳಿಸಿದವನು ನಾನು. ಸತ್ತ ಮಾವ ಯಾವ ಲೆಕ್ಕ? ಪ್ರತಿಧ್ವನಿ ಚೆನ್ನಾಗಿರಲಿ ಎಂದು ಜಯದೇವಪ್ಪನ ಬಚ್ಚಲುಮನೆಯಲ್ಲಿ ಕೂತು ರೆಕಾರ್ಡ್ ಮಾಡಿದೆವು. ಮಾತುಗಳನ್ನು ಬರೆದವರು ಜಯದೇವಪ್ಪ. ಇಬ್ಬರು ಬ್ರಹ್ಮಚಾರಿಗಳು ಸೇರಿ ಒಬ್ಬ ಗಂಡನ ಮಾತು ಬರೆದರೆ ಹೇಗಿರುತ್ತದೋ ಹಾಗಿತ್ತು.

ಬಿಲ್ಲೆ ತಲೆಗೆ ಅಂಟಿತು. ಗುಂಡಿ ಒತ್ತಿದರು. ಕೆಂಪು ಹತ್ತಿತು, ಹಳದಿಯಾಯಿತು. ಮೂರು ಕೆಮ್ಮು. ಆಮೇಲೆ, "ಮಂಗಳಾ, ಕಾಫಿ ಇದೆಯಾ?"

ಅತ್ತೆ ಕಲ್ಲಾದರು.

ಯಂತ್ರ ಅದನ್ನೇ ಮತ್ತೆ ಮತ್ತೆ ಹೇಳಿತು. ಒಂದು ಸಲ ತೆಳ್ಳಗೆ, ಒಂದು ಸಲ ದಪ್ಪಗೆ. ಹಳದಿ ಮಿಣುಕಿತು. ಒಂದು ಹಂತದಲ್ಲಿ ಅತ್ತೆಯ ಕೈ ತಾನಾಗಿ ಮೇಲೆದ್ದಿತು. "ಹೌದು," ಎಂದರು ಸಣ್ಣಗೆ. "ಇದೇ."

ಹಸಿರು! ಜಯದೇವಪ್ಪ ಎರಡೂ ಕೈಯಲ್ಲಿ ಇಲ್ಲದ ಬಾವುಟ ಬೀಸಿದರು. ಅತ್ತೆ ನನ್ನ ಮುಖವನ್ನು ಒಂದು ಕ್ಷಣ ನೋಡಿದರು, ಎದ್ದು ಅಡುಗೆಮನೆಗೆ ಹೋದರು. ಕಾಫಿ ತಂದರು. ಜಯದೇವಪ್ಪನಿಗೊಂದು ಲೋಟ, ನನಗೊಂದು, ತಮಗೊಂದು.

ಇನ್ನೊಂದನ್ನು ಮಾವ ಕೂರುತ್ತಿದ್ದ ಬೆತ್ತದ ಕುರ್ಚಿಯ ಪಕ್ಕದ ಸ್ಟೂಲಿನ ಮೇಲಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡರು.

*

ಮರುದಿನ ಸೊಪ್ಪಿನ ಗಿರಿಜೆ ಬಂದಳು. "ದಂಟು, ಮೆಂತ್ಯ, ಸಬ್ಬಸ್ಸಿಗೇ..." ಎಂದು ಕೂಗಿದಳು. ಬಾಗಿಲಿಗೆ ಹೋದ ಅತ್ತೆ ಹೋದಷ್ಟೇ ಬೇಗ ಒಳಗೆ ಬಂದರು.

"ಪಂಚು, ನಿಮ್ಮಾವ ಸೊಪ್ಪು ಮಾರ್ತಿದ್ದಾರೆ!"

"ಏನತ್ತೆ?"

"ಗಿರಿಜೆ ಬಾಯಲ್ಲಿ ನಿಮ್ಮಾವ! ಮಾತು ಗಾಜಿನ ಹಾಗೆ ಕೇಳಿಸ್ತಿದೆ. ದನಿ ಮಾತ್ರ ಅವರದು. ಚೌಕಾಸಿ ಮಾಡೋಕೆ ಹೆದರಿಕೆ ಆಗಿ, ಕೇಳಿದಷ್ಟು ಕೊಟ್ಟು ಬಂದೆ."

ನಾನು ಬೇಲಿಯ ಈಚೆಯಿಂದ ಜಯದೇವಪ್ಪನನ್ನು ಕರೆದೆ. ಅವರು ತಲೆ ತುರಿಸಿಕೊಳ್ಳಲೂ ಇಲ್ಲ. "ಗಿರಿಜೆ ದನಿ ಯಂತ್ರಕ್ಕೆ ಹೊಸದು. ಅನುಮಾನ ಬಂದಿದೆ. ಕ್ಷೇಮಕ್ಕೆ ವಾಪಸ್ ಹೋಗಿದೆ. ಮಾತು ಅರ್ಥ ಆಗ್ತಿದ್ಯೋ ಇಲ್ವೋ?"

"ಆಗ್ತಿದೆಯಂತೆ."

"ಮತ್ತೇನಯ್ಯ ನಿಂದು ಗೋಳು!"

ಅಂದು ಸಂಜೆ ಟೀವಿಯಲ್ಲಿ ವಾರ್ತೆ ಓದುವ ಹೆಣ್ಣುಮಗಳು ಬಂದಳು. ಅತ್ತೆ ಪರದೆಯನ್ನೇ ದಿಟ್ಟಿಸಿ, "ಸೀರೆ ಇವರಿಗೆ ಒಪ್ಪಲ್ಲ" ಎಂದರು. ಮಿಕ್ಸಿ ತಿರುಗಿದರೆ ಅತ್ತೆಯ ಕಿವಿಯಲ್ಲಿ ಮಾವ ಗೊರಕೆ ಹೊಡೆದರು. ಕುಕ್ಕರು ಮೂರು ಸಲ ಕೂಗಿದರೆ ಮಾವ ಮೂರು ಸಲ ಕೆಮ್ಮಿದರು. ಬೆಕ್ಕು ಬಾಗಿಲಲ್ಲಿ ನಿಂತು ಬಾಯಿ ತೆರೆದರೆ, "ಟಿಕೆಟ್ ತೆಗೀರಿ!" ಯಂತ್ರ ತನಗೆ ತಿಳಿದದ್ದನ್ನು ಮಾವನ ದನಿಗೆ ತಿರುಗಿಸುತ್ತಿತ್ತು, ತೀರ ತಿಳಿಯದಿದ್ದರೆ ನಾನು ರೆಕಾರ್ಡ್ ಮಾಡಿದ್ದ ಮಾತುಗಳಲ್ಲೇ ಒಂದನ್ನು ಎತ್ತಿ ಹಾಕುತ್ತಿತ್ತು.

ನಾನು ನಕ್ಕೆ. ಸುಳ್ಳೇಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. "ಅತ್ತೆ, ಊಟಕ್ಕೆ ಏನು?" ಎಂದೆ.

ಅತ್ತೆ ಬೆಚ್ಚಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ನನ್ನನ್ನಲ್ಲ, ಬೆತ್ತದ ಕುರ್ಚಿಯನ್ನು ನೋಡಿ ಹೇಳಿದರು. "ಹುರುಳಿಕಾಳು ಸಾರು ಮಾಡಿದ್ದೀನಿ. ಉಪ್ಪು ಸರಿಯಾಗಿ ಹಾಕಿದ್ದೀನಿ."

ನನ್ನ ನಗು ಅಲ್ಲಿಗೆ ನಿಂತಿತು.

*

ಶಬ್ದವಿರುವವರೆಗೆ ತಮಾಷೆಯಾಗಿತ್ತು. ಶಬ್ದವಿಲ್ಲದಾಗ ಏನಾಗುತ್ತದೆ ಎಂದು ನಾವು ಯೋಚಿಸಿರಲಿಲ್ಲ. ಜಯದೇವಪ್ಪ ಮಾತ್ರ ನಾನು ಕೇಳಿದಾಗ ತಟ್ಟನೆ ಹೇಳಿದರು. "ನಿಶ್ಶಬ್ದವಾ? ಅದಕ್ಕಿಂತ ದೊಡ್ಡ ಅನುಮಾನ ಯಾವುದಿದೆ? ಲೈನಿನಲ್ಲಿ ಏನೂ ಬರ್ತಿಲ್ಲ ಅಂದ್ರೆ ಸಿಗ್ನಲ್ಲಿಗೆ ಅದೇ ಅಪಾಯ!"

ಎಂದರೆ, ಮನೆ ಮೌನವಾದಾಗಲೆಲ್ಲ ಮಾವ ಮಾತಾಡುತ್ತಿದ್ದರು.

ಒಂದು ಮಧ್ಯಾಹ್ನ ಕಾಲೇಜಿನಿಂದ ಬೇಗ ಬಂದೆ. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಹಳಿಗಳ ಮೇಲೆ ಬಿಸಿಲು ಕುದಿಯುತ್ತಿತ್ತು. ಬಾಗಿಲು ತಳ್ಳಿದರೆ ಒಳಗೆ ಅತ್ತೆಯ ದನಿ.

"ಅಲ್ಲ, ಆ ಟವೆಲ್ಲು ಹರಿದೋಗಿತ್ತು, ಒರೆಸೋಕೆ ಹಾಕಿದೆ."

ಮೌನ.

"ನಿಮಗೆ ಬೇಕಿದ್ರೆ ಮೊದಲೇ ಹೇಳ್ಬೇಕಿತ್ತು."

ಮೌನ. ಆಮೇಲೆ ಅತ್ತೆ ಸಣ್ಣಗೆ ನಕ್ಕರು. ಎದುರಿಗೆ ಬೆತ್ತದ ಕುರ್ಚಿ. ಸ್ಟೂಲಿನ ಮೇಲೆ ಲೋಟ. ಟೇಬಲ್ಲಿನ ಮೇಲೆ ಯಂತ್ರದ ಕೆಂಪು ದೀಪ, ನಾವು ಉಸಿರಾಡುವಂತೆ ಹಿಗ್ಗಿ ಕುಗ್ಗುತ್ತಿತ್ತು.

ನನ್ನನ್ನು ಕಂಡ ಅತ್ತೆ ಸಹಜವಾಗಿ, "ಬಂದ್ಯಾ? ಒಲೆ ಆರಿಸು ಹೋಗು. ಹಾಲು ಉಕ್ಕುತ್ತಿದೆ ಅಂತಿದ್ದಾರೆ ನಿಮ್ಮಾವ" ಎಂದರು.

ಹೋಗಿ ನೋಡಿದೆ. ಹಾಲು ಪಾತ್ರೆಯ ಅಂಚಿಗೆ ಬಂದು ನಿಂತಿತ್ತು!

ನಾನು ಹಾಲಿನ ಮಾತು ರೆಕಾರ್ಡ್ ಮಾಡಿರಲಿಲ್ಲ. ಟವೆಲ್ಲಿನದು ಮೊದಲೇ ಇಲ್ಲ. ತಿರುಗಿ ಬಂದು, ತುಟಿ ಕಾಣುವಂತೆ ಅತ್ತೆಯ ಎದುರಿಗೆ ನಿಂತು ಕೇಳಿದೆ. "ಅತ್ತೆ, ಮಾವ ಏನಂತ ಕರೀತಾರೆ?"

"ಮೊದಲ ದಿನ 'ಮಂಗಳಾ' ಅಂದ್ರು. ಹೊಸ ಜಾಗ ನೋಡು, ಅವರಿಗೂ ಗಾಬರಿ ಇರುತ್ತೆ. ಈಗ ಸರಿಹೋಗಿದ್ದಾರೆ. ಮೊದಲಿನ ಹಾಗೇ 'ಏ ಇವಳೇ' ಅಂತಾರೆ."

ಬೇಲಿ ಹಾರಿ ಜಯದೇವಪ್ಪನ ಮನೆಗೆ ಓಡಿದೆ.

"ಅಂಕಲ್! ನೀವೇನಾದ್ರೂ ಯಂತ್ರಕ್ಕೆ 'ಇವಳೇ' ಅನ್ನೋದು ಹಾಕಿದ್ರಾ?"

"ಇವಳೇ? ಯಾವಳೇ?"

"ಅತ್ತೆನ ಮಾವ ಹಾಗೆ ಕರೀತಿದ್ರಂತೆ!"

"ಹೆಸರಿಟ್ಟುಕೊಂಡು ಹೆಸರು ಕರೆಯದೆ... ಅದ್ಯಾವ ಪದ್ಧತಿ? ನನಗೇನಯ್ಯ ಗೊತ್ತು ಗಂಡ ಹೆಂಡಿರ ವಿಷಯ!" ಜಯದೇವಪ್ಪ ಆಕಾಶ ನೋಡಿದರು. ಆಮೇಲೆ ಮೊದಲ ಬಾರಿಗೆ ಅವರ ದನಿ ಇಳಿಯಿತು. "ಪಂಚು, ನಾನು ಹಾಕಿಲ್ಲ ಕಣೋ. ನೀನೂ ಹಾಕಿಲ್ಲ. ಹಾಗಾದ್ರೆ...?"

ಅಷ್ಟರಲ್ಲಿ ಗೇಟಿನ ಬಳಿ ಕೂಗು ಕೇಳಿಸಿತು.

*

"ಅಂಕಲ್! ಜಯದೇವ್ ಅಂಕಲ್! ನೋಡಿ ಬನ್ನಿ ನನ್ ಮಗಳ್ನ!"

ಶಾಹೀನ್. ರೈಲ್ವೆ ಕ್ವಾರ್ಟರ್ಸಿನಲ್ಲಿರುವ ಲೋಕೋ ಪೈಲಟ್ ಒಬ್ಬರ ಹೆಂಡತಿ. ಅವಳ ಮಗಳು ಮೆಹಕ್‌ಗೆ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಹುಟ್ಟಿನಿಂದಲೇ ಕಿವಿ ಕೇಳದು; ಅತ್ತೆಗೆ ಆದ ಆಪರೇಷನ್ನೇ ಅವಳಿಗೂ ಆಗಿತ್ತು. ಬೆಂಗಳೂರಿನ ಆ ಬೆಂಚಿನಲ್ಲೇ ನಮಗೆ ಅವರ ಪರಿಚಯ. ಮಗಳು ಒಂದು ಸಲ "ಅಮ್ಮೀ" ಎನ್ನಲಿ ಎಂದು ಶಾಹೀನ್ ವರ್ಷದಿಂದ ಕಾಯುತ್ತಿದ್ದಳು.

"ಅಂಕಲ್, ಏನು ಮಾಡಿದ್ರಿ ನೀವು ಇವಳ ಮಷೀನಿಗೆ?" ಎಂದು ಕೇಳಿದೆ.

ಜಯದೇವಪ್ಪ ನೆಲ ನೋಡಿದರು. "ಏರಿಯಲ್ ಕಾಲೊನಿ ತುದೀವರೆಗೂ ಮುಟ್ಟುತ್ತೆ. ಪಾಪ, ಮಗು ಅಷ್ಟು ದೂರ ಹೋಗ್ಬೇಕಲ್ಲ ಅಂತ... ಅದರದ್ದೂ ಸೇರಿಸಿದೆ."

"ಏನಾಯ್ತು ಶಾಹೀನ್?"

"ಮಾತಾಡಿದ್ಲು!" ಶಾಹೀನ್ ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ. "ನಮ್ಮ ಮನೇಲಿ ಎಲ್ಲಾ ಉರ್ದು. ಇವಳು ಮಾತಾಡಿದ್ದು ಕನ್ನಡ! ಬಿರಿಯಾನಿ ತಟ್ಟೆ ಮುಂದೆ ಇಟ್ಟೆ. 'ಥೂ, ಉಪ್ಪೇ ಇಲ್ವಲ್ಲ ಇದಕ್ಕೆ' ಅಂತಾಳೆ! ಅವರಪ್ಪ ಡ್ಯೂಟಿ ಮುಗಿಸಿ ಬಾಗಿಲಿಗೆ ಬಂದ್ರೆ ಕೈ ಅಡ್ಡ ಇಟ್ಟು, 'ಟಿಕೆಟ್ ತೆಗೀರಿ' ಅಂತಾಳೆ! ಅವರು ಹೆದರ್ಕೊಂಡು ಪಾಸ್ ತೋರಿಸಿದ್ರು!"

ಮೆಹಕ್ ತಾಯಿಯ ಕೈ ಬಿಡಿಸಿಕೊಂಡು ಇಳಿದಳು. ಗುಲಾಬಿ ಫ್ರಾಕು, ಎರಡು ಜಡೆ. ಒಂದು ಕೈ ಸೊಂಟದ ಮೇಲಿಟ್ಟು, ಇನ್ನೊಂದನ್ನು ಬೆನ್ನ ಹಿಂದೆ ಕಟ್ಟಿ, ನಿಧಾನವಾಗಿ ನಮ್ಮ ಮನೆಯ ಮೆಟ್ಟಿಲು ಹತ್ತಿದಳು. ಆ ನಡಿಗೆ ನನಗೆ ಗೊತ್ತಿತ್ತು. ನಾನು ದನಿ ಅನುಕರಿಸಿದ್ದೆ, ನಡಿಗೆಯನ್ನಲ್ಲ. ಯಂತ್ರ ಕಳಿಸುತ್ತಿದ್ದುದು ಶಬ್ದ ಮಾತ್ರ!

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಮಗು ಅವರ ಮುಂದೆ ನಿಂತು ತಲೆಯೆತ್ತಿತು. ಮೂರು ಸಲ ಕೆಮ್ಮಿತು.

"ಏ ಇವಳೇ," ಎಂದಿತು.

ಸ್ಟೇಷನ್ನಿನಲ್ಲಿ ಯಾವುದೋ ಎಂಜಿನ್ನು ಉದ್ದಕ್ಕೆ ಕೂಗಿ ಸುಮ್ಮನಾಯಿತು. ಅತ್ತೆ ಬಾಗಿ ಮಗುವನ್ನು ಎತ್ತಿಕೊಂಡು ಒಳಗೆ ಹೋದರು.

*

"ಆರಿಸಿ ಅಂಕಲ್! ಈಗಲೇ ಆರಿಸಿ!"

ಜಯದೇವಪ್ಪ ವೈರು ಕಿತ್ತು, ಡಬ್ಬವನ್ನು ಜಗಲಿಗೆ ಎತ್ತಿ ತಂದರು. ದೀಪ ಆರಲಿಲ್ಲ.

"ಬ್ಯಾಟರಿ ಇದೆ," ಎಂದರು ಮೆತ್ತಗೆ. "ಕರೆಂಟ್ ಹೋದ್ರೂ ಸಿಗ್ನಲ್ ಹೋಗ್ಬಾರ್ದಲ್ಲ..."

"ಬ್ಯಾಟರಿ ಕೀಳಿ!"

"ಅದು ಹೋದ್ರೆ ಎರಡನೇ ಬ್ಯಾಟರಿ ಇದೆ. ರೈಲ್ವೆ ಪದ್ಧತಿ."

ಡಬ್ಬದ ಮುಚ್ಚಳಕ್ಕೆ ಸ್ಕ್ರೂಡ್ರೈವರ್ ತಾಗಿಸಿದೆವು. ಮೂರೂ ದೀಪ ಒಟ್ಟಿಗೆ ಕೆಂಪಾದವು. ಹಸಿರು ಗಾಜಿನ ಹಿಂದೆಯೂ ಕೆಂಪು! ಸ್ಪೀಕರಿನಿಂದ ಮೂರು ಕೆಮ್ಮು ಬಂತು.

"ರಿಸರ್ವೇಶನ್ ಬೋಗಿ ಇದು. ಇಳೀರಿ!"

ಜಯದೇವಪ್ಪ ಅಭ್ಯಾಸಬಲದಿಂದ "ಸ್ಟಾಫ್" ಎಂದುಬಿಟ್ಟರು. ಸ್ಪೀಕರು ಸುಮ್ಮನಾಯಿತು.

ಅದು ನಾನೇ ಬಚ್ಚಲಿನಲ್ಲಿ ಹೇಳಿದ್ದ ಮಾತು. ಆದರೆ ನಾನು ಹೇಳಿದ್ದಕ್ಕಿಂತ ಚೆನ್ನಾಗಿತ್ತು! ಕೊನೆಯ ಅಕ್ಷರದಲ್ಲಿ ಮಾವನಿಗೆ ಬರುತ್ತಿದ್ದ, ನನಗೆ ಎಂದೂ ಬಾರದ, ಸಣ್ಣ ಸೀಳು ಕೂಡ ಇತ್ತು. ನನ್ನ ಮಿಮಿಕ್ರಿಯನ್ನು ಯಾರೋ ಮಿಮಿಕ್ರಿ ಮಾಡಿ ಮೂಲಕ್ಕೆ ಮುಟ್ಟಿಸಿದ್ದರು.

"ಒಂದೇ ದಾರಿ," ಜಯದೇವಪ್ಪ ಬೆವರು ಒರೆಸಿಕೊಂಡರು. "ಕಲಿಯೋ ಗುಂಡಿ ಒತ್ತಿ ಬೇರೆ ದನಿ ಕೊಡ್ಬೇಕು. ಅಕ್ಕನೇ ಬಾಯಾರೆ 'ಹೌದು, ಇದೇ' ಅನ್ನಬೇಕು. ಸ್ಟೇಷನ್ ಮಾಸ್ಟರು ಒಪ್ಪದೆ ಸಿಗ್ನಲ್ ಬೀಳಲ್ಲ."

"ಅಂದ್ರೆ ಅತ್ತೆಗೆ ನಿಜ ಹೇಳ್ಬೇಕು."

"ನೀನು ಹೇಳು. ದನಿ ನಿಂದು."

"ಮಾತು ಬರೆದಿದ್ದು ನೀವು!"

"ನಾನು ಗುಂಡಿ ಒತ್ತುತ್ತೀನಿ. ಜವಾಬ್ದಾರಿ ಸಮಪಾಲು!"

ನಡುಮನೆಗೆ ಹೋದೆ; ಡಬ್ಬ ಹಿಡಿದು ಜಯದೇವಪ್ಪ ಹಿಂದೆ ಬಂದರು. ಮಗು ಅತ್ತೆಯ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಶಾಹೀನ್ ಪಕ್ಕದಲ್ಲಿ ಕೂತು, ಅದು ಎಚ್ಚರವಾದರೆ ಯಾರಾಗಿ ಏಳುತ್ತದೋ ಎಂದು ನೋಡುತ್ತಿದ್ದಳು.

"ಅತ್ತೆ," ಎಂದೆ. "ಇದು ಮಾವ ಅಲ್ಲ. ನಾನು, ಪಂಚು!"

ಹೇಳಿದ ಮೇಲೆ ಹೊಳೆಯಿತು. ಅತ್ತೆಗೆ ಕೇಳಿಸಿದ್ದು ಮಾವನೇ ಬಂದು "ನಾನು ಪಂಚು" ಎಂದದ್ದು!

"ಹಾಗೆಲ್ಲ ಅನ್ನಬೇಡಿ," ಅತ್ತೆ ಕುರ್ಚಿಯ ಕಡೆ ನೋಡಿ ಹೇಳಿದರು. "ಅವನು ಚಿಕ್ಕ ಹುಡುಗ, ಹೆದರ್ಕೊಳ್ತಾನೆ." ಆಮೇಲೆ ನನ್ನ ಕಡೆ ತಿರುಗಿದರು. "ಪಂಚು, ನಾನು ತೀರ್ಮಾನ ಮಾಡಿದ್ದೀನಿ. ಇನ್ನು ಬೆಂಗಳೂರು ಬೇಡ. ಯಾರ ದನೀನೂ ಬೇಡ. ಇವರೊಬ್ಬರು ಸಾಕು ನನಗೆ."

ಟ್ರಂಕೇ ವಾಸಿ ಎನ್ನಿಸಿತು. ಅಲ್ಲಿ ಯಂತ್ರ ಮಾತ್ರ ಹೋಗುತ್ತಿತ್ತು. ಇಲ್ಲಿ ಅತ್ತೆಯೇ ಒಳಗೆ ಹೋಗಿ ಮುಚ್ಚಳ ಹಾಕಿಕೊಳ್ಳುತ್ತಿದ್ದರು. ಮುಚ್ಚಳ ನನ್ನ ಗಂಟಲು.

ಅತ್ತೆಯ ಮುಂದೆ ಮಂಡಿಯೂರಿ ಕೂತೆ. ಕೈಸನ್ನೆ ಮಾಡಿ ತಲೆಯ ಬಿಲ್ಲೆ ತೆಗೆಸಿದೆ. ಈಗ ಅವರಿಗೆ ಏನೂ ಕೇಳದು, ನನ್ನ ತುಟಿ ಮಾತ್ರ. ಒಂದೊಂದೇ ಮಾತು ಬಿಡಿಸಿ ಹೇಳಿದೆ. ಕ್ಯಾಸೆಟ್ಟು ಸುಳ್ಳು. ಬಚ್ಚಲುಮನೆ. ನನ್ನ ಮಿಮಿಕ್ರಿ. ತಪ್ಪಾಯ್ತು.

ಅತ್ತೆಯ ಮುಖ ಗಂಟಾಗಿಯೇ ಇತ್ತು. "ಎಲ್ಲಿ, ಮಾಡಿ ತೋರ್ಸು."

"ಏನತ್ತೆ?"

"ನಿಮ್ಮಾವನ್ನ ಮಾಡು. ನೋಡೋಣ."

ಬೇರೆ ದಾರಿಯಿರಲಿಲ್ಲ. ಸೊಂಟದ ಮೇಲೆ ಕೈಯಿಟ್ಟೆ, ಮೂರು ಸಲ ಕೆಮ್ಮಿದೆ, ಮೀಸೆಯಿಲ್ಲದ ಜಾಗದಲ್ಲಿ ಮೀಸೆ ತಿರುವಿ, "ಮಂಗಳಾ, ಕಾಫಿ ಇದೆಯಾ?" ಎಂದೆ.

ಅತ್ತೆಯ ತುಟಿಯ ಒಂದು ಕೊನೆ ನಡುಗಿತು. ಆಮೇಲೆ ಇನ್ನೊಂದು. 

"ಅಯ್ಯೋ ಮುಂಡೇದೇ! ನಿಮ್ಮಾವ ಮೂವತ್ತು ಚಿಲ್ಲರೆ ವರ್ಷದಲ್ಲಿ ಒಂದ್ಸಲನಾದ್ರೂ ನನ್ನ ಹೆಸರು ಹಿಡಿದು ಕರೆದಿದ್ರೆ ತಾನೇ! ಕಾಫಿ 'ಇದೆಯಾ' ಅಂತ ಕೇಳ್ತಿದ್ರಾ ಅವರು? ಲೋಟ ಕುಟ್ತಿದ್ರು ಕಣೋ, ಲೋಟ! ಮೊದಲ ಮಾತಿಗೇ ನನಗೆ ಗೊತ್ತಾಯ್ತು, ಇದು ನಿಮ್ಮಿಬ್ಬರ ಕಿತಾಪತಿ ಅಂತ. ಆಡೋದಾದ್ರೆ ನಾನೂ ಆಡ್ತೀನಿ ಅಂತ ನಾಲ್ಕನೇ ಲೋಟ ಇಟ್ಟೆ!"

"ಹಾಲು?"

"ಒಲೆ ಮೇಲಿಟ್ಟವಳು ನಾನು! ಮೂಗು ಚೆನ್ನಾಗಿದೆಯಲ್ಲ ನನಗೆ?"

"ಟವೆಲ್ಲು? 'ಇವಳೇ'?"

"ನೀನು ಬರೋದು ಕಿಟಕೀಲಿ ಕಂಡಿತು. ಖಾಲಿ ಕುರ್ಚಿಗೆ ಮಾತಾಡೋಕೆ ಎಷ್ಟು ಹೊತ್ತು? ನಿನ್ನ ಮುಖ ನೋಡ್ಬೇಕಿತ್ತು ನೀನು! ಸುಣ್ಣ ಬಳಿದ ಹಾಗೆ..."

ಅಷ್ಟೇ. ಅತ್ತೆ ನಗತೊಡಗಿದರು. ಬಿಲ್ಲೆ ತಲೆಯ ಮೇಲಿರಲಿಲ್ಲ. ತಮ್ಮ ನಗು ತಮಗೇ ಕೇಳದವರು ನಗುವ ಜೋರು ನೀವು ಕೇಳಿಲ್ಲ. ಕಿಟಕಿಯ ಗಾಜು ಅದುರಿತು. ಶಾಹೀನ್ ನಕ್ಕಳು. ಮಗು ಎದ್ದು ನಕ್ಕಿತು. ಮೋಸಹೋಗಬೇಕಿದ್ದವರು ಅವರು, ಮಾಡಿದವರು ನಾವು. ಆದರೆ ನಗು ಮಾತ್ರ ಅವರದೇ ದೊಡ್ಡದು. ಅದರ ಮಧ್ಯೆ ನನ್ನ ಕಡೆ ಬೆರಳು ತೋರಿಸಿ, ಕಣ್ಣೀರು ಒರೆಸಿಕೊಳ್ಳುತ್ತ, "ಹೌದು ಕಣೋ, ಇದೇ ಮುಖ! ಹೌದು, ಇದೇ!" ಎಂದರು.

ಟಕ್. ಹಸಿರು.

ಕಲಿಯುವ ಗುಂಡಿಯ ಮೇಲಿದ್ದ ಬೆರಳನ್ನು ಜಯದೇವಪ್ಪ ಗಾಬರಿಯಿಂದ ಎತ್ತಿದರು. "ಅಯ್ಯೋ! ನಗುನ ಕಲಿತುಬಿಡ್ತು!"

ಅತ್ತೆ ಬಿಲ್ಲೆ ಅಂಟಿಸಿಕೊಂಡರು. ಕಣ್ಣು ಅಗಲವಾಯಿತು. "ಜಯದೇವಪ್ಪ, ನಿಮ್ಮ ಬಾಯಲ್ಲಿ ನಾನು ನಗ್ತಿದ್ದೀನಿ!" ಕುಕ್ಕರು ನಕ್ಕಿತು, ಬೆಕ್ಕು ನಕ್ಕಿತು, ಗೂಡ್ಸ್ ಗಾಡಿ ಐವತ್ತು ಬೋಗಿಯುದ್ದಕ್ಕೂ ನಕ್ಕು ಹೋಯಿತು. ಮಾವನ ದನಿಯಲ್ಲಾದರೂ ಮಾತಿತ್ತು. ಇದರಲ್ಲಿ ಬರೀ ನಗು!

ಕೊನೆಗೆ ಅತ್ತೆಯೇ ಹೇಳಿದರು. "ನಾಳೆ ಬೆಂಗಳೂರಿಗೆ ಹೊರಡೋಣ. ಆ ಹುಡುಗಿ ಬೀಪ್ ಅನ್ಸಿ ಎಲ್ಲ ಅಳಿಸಿ ಹೊಸದಾಗಿ ಮಾಡಲಿ. ಎಲ್ಲರೂ ಒಂದೇ ದನೀಲಿ ಮಾತಾಡಿದ್ರೆ ಬೇಜಾರು ಕಣೋ. ಗಿರಿಜೆದು ಗಿರಿಜೆ ದನೀಲೇ ಕೇಳ್ಬೇಕು, ಚೌಕಾಸಿ ಮಾಡ್ಬೇಕು. ಈ ಮಗು ಅಮ್ಮನ ದನಿ ಕೇಳದೆ 'ಅಮ್ಮೀ' ಅಂತ ಹೇಗೆ ಅನ್ನುತ್ತೆ?"

ಟ್ರಂಕಿನ ಮಾತು ಮತ್ತೆ ಬರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅತ್ತೆಯ ಎದುರಿಗೆ ತುಟಿ ಬಿಡಿಸಿ ಹೇಳಿದೆ. "ಎಲ್ಲ ಸರಿ ಅತ್ತೆ. ಆದ್ರೆ ಆ ಮಗೂಗೆ ನಡಿಗೆ, 'ಇವಳೇ' ಎಲ್ಲ ಹೇಳ್ಕೊಟ್ಟಿದ್ದು ಮಾತ್ರ ಅತಿಯಾಯ್ತು."

ಅತ್ತೆಯ ಕೈ ತಟ್ಟೆಯ ಮೇಲೆ ನಿಂತಿತು. "ನಾನೆಲ್ಲಿ ಹೇಳ್ಕೊಟ್ಟೆ? ನೀನೇ ಹೇಳ್ಕೊಟ್ಟೆ ಅಂದ್ಕೊಂಡಿದ್ದೆ ನಾನು!"

ಮಜ್ಜಿಗೆ ಬಡಿಸಿಕೊಂಡು ಬೇಗ ಎದ್ದೆವು.

*

ಮರುದಿನದ ರೈಲಿನಲ್ಲಿ ಅತ್ತೆ, ನಾನು, ಜಯದೇವಪ್ಪ, ಮಡಿಲಲ್ಲಿ ಮೆಹಕ್‌ಳನ್ನು ಕೂರಿಸಿಕೊಂಡ ಶಾಹೀನ್. ಬೆಂಗಳೂರಿನ ಸರತಿಸಾಲನ್ನು ಸಿಗ್ನಲ್ ಪದ್ಧತಿಯಲ್ಲಿ ಹೇಗೆ ಓಡಿಸಬಹುದೆಂದು ಜಯದೇವಪ್ಪ ಆಗಲೇ ವಿವರಿಸತೊಡಗಿದ್ದರು. 'ಕಿವಿಮಾತು' ಮಾತ್ರ ಅವರ ಬಚ್ಚಲಿನಲ್ಲಿ, ಬಕೆಟ್ಟಿನ ಕೆಳಗೆ.

ಬೋಗಿ ತುಂಬಿತ್ತು. ಜನ ಬಾಗಿಲವರೆಗೆ ನಿಂತಿದ್ದರು. ಅತ್ತೆಯ ಪಕ್ಕದ ಕಿಟಕಿ ಸೀಟಿನಲ್ಲಿ ಮಾತ್ರ, ಯಾಕೋ, ಯಾರೂ ಕೂರಲಿಲ್ಲ. ಒಂದಿಬ್ಬರು ಹತ್ತಿರ ಬಂದು, ನೋಡಿ, "ಸಾರಿ" ಎಂದು ಹಿಂದೆ ಸರಿದರು.

ಟಿ.ಟಿ.ಇ. ಬಂದರು, ಹೊಸ ಹುಡುಗ. ನಮ್ಮ ಟಿಕೆಟ್ಟುಗಳನ್ನು ನೋಡಿ, ಕಿಟಕಿಯ ಕಡೆ ಪೆನ್ನು ತೋರಿಸಿದರು. "ಈ ಸೀಟು ಯಾರ್ದು?"

ಮೆಹಕ್ ಮಡಿಲಿನಿಂದ ಇಳಿದಳು. ಅವಳ ತಲೆಯ ಮೇಲೆ ಬಿಲ್ಲೆಯೂ ಇರಲಿಲ್ಲ. ಶಾಹೀನ್ ಅದನ್ನು ಬ್ಯಾಗಿನಲ್ಲಿಟ್ಟಿದ್ದಳು. ಸೊಂಟದ ಮೇಲೆ ಕೈಯಿಟ್ಟು, ಖಾಲಿ ಸೀಟನ್ನು ಒಮ್ಮೆ ನೋಡಿ, ಟಿ.ಟಿ.ಇ.ಗೆ ಹೇಳಿದಳು.

"ಸ್ಟಾಫ್."

ಆ ಮಾತನ್ನು ನಾನು ರೆಕಾರ್ಡ್ ಮಾಡಿರಲಿಲ್ಲ. ಜಯದೇವಪ್ಪನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಮಗುವಿನ ತುಟಿಯನ್ನೇ ನೋಡುತ್ತಿದ್ದ ಅತ್ತೆ ಸೀರೆಯ ನೆರಿಗೆ ಸರಿಮಾಡಿಕೊಂಡು, ಕಿಟಕಿ ಸೀಟಿಗೆ ಇನ್ನಷ್ಟು ಜಾಗ ಬಿಟ್ಟು ಕೂತರು. ಆಮೇಲೆ ಇಡೀ ಬೋಗಿ ತಿರುಗಿ ನೋಡುವಂತೆ ನಕ್ಕರು.

ಟಿ.ಟಿ.ಇ. ತಲೆಯಾಡಿಸಿ ಮುಂದಿನ ಸಾಲಿಗೆ ಹೋದರು. ಸ್ಟಾಫ್ ಅಂದ ಮೇಲೆ, ಇನ್ನೂ ಸರ್ವೀಸಿನಲ್ಲಿದ್ದಾರೆಯೇ ಎಂದು ರೈಲ್ವೆಯಲ್ಲಿ ಯಾರೂ ಕೇಳುವುದಿಲ್ಲ.